ವಹಿಯಲ್ಲಿ ಜಮೆಯಾಗದ ಉಪಕಾರ

(ಶ್ರೀಮಠದ ಪಾಠಶಾಲೆಯ ಶತಮಾನೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಉತ್ಸವ ಸಮಿತಿಯವರು ನನ್ನನ್ನು ಕರೆದಾಗ, ನಾನು ಸಿದ್ಧಾಂತವನ್ನಾಗಲಿ ವ್ಯಾಕರಣವನ್ನಾಗಲಿ ಕುರಿತು ಮಾತಾಡುವೆನೆಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆನು. ಆದರೆ ಈ ಸ್ಮಾರಕ ಸಂಪುಟಕ್ಕಾಗಿ ಶ್ರೀಮಠದ ಹಳೆಯ ಕಿರ್ದಿಗಳನ್ನೂ ಖಾತೆವಹಿಗಳನ್ನೂ ಓದಿ ಸಾರ ತೆಗೆಯುವ ಕೆಲಸವು ಕಳೆದ ವರುಷ ನನ್ನ ಪಾಲಿಗೆ ಬಂದಿತು. ಆ ವಹಿಗಳ ಬರೆಹವು ಬಹು ಅಚ್ಚುಕಟ್ಟಾದುದು. ಯಾವ ಊರಿನ ಭಕ್ತರು ಎಷ್ಟು ಜೋಳ ತಂದರು, ದಾಸೋಹಕ್ಕೆ ಎಷ್ಟು ತುಪ್ಪ ಹಿಡಿಯಿತು, ದೀಪಕ್ಕೆ ಎಷ್ಟು ಎಣ್ಣೆ ಸಂದಿತು, ಎತ್ತುಗಳ ಲಾಳಕ್ಕೆ ಎಷ್ಟು ಕೊಟ್ಟರು, ಇವೆಲ್ಲವೂ ತಿಥಿವಾರ ಸಹಿತವಾಗಿ ಅಲ್ಲಿ ದಾಖಲಾಗಿವೆ. ಹೀಗೆ ಓದುತ್ತಿರಲಾಗಿ, ಮಠದ ಹಿಂದಿರುವ ಹುಣಸೆಯ ತೋಪಿನ ಲೆಕ್ಕ ಎಲ್ಲಿದೆಯೆಂದು ಒಂದು ದಿನ ಹುಡುಕಿದೆನು. ಹಣ್ಣಿನ ಲಿಲಾವಿನಿಂದ ಬಂದ ಹಣ ಜಮೆಯಾಗಿದೆ. ಗಾಳಿಗೆ ಮುರಿದುಬಿದ್ದ ಟೊಂಗೆಗಳನ್ನು ಉರವಲಿಗೆ ಮಾರಿದ್ದು ಜಮೆಯಾಗಿದೆ. ಅದರಾಚೆಗೆ ತೋಪಿನ ಹೆಸರಿಲ್ಲ. ಹೊಂಡದ ಹೆಸರು ಖರ್ಚಿನ ಕಡೆಗೆ ಮಾತ್ರ ಬರುತ್ತದೆ, ಹೂಳು ತೆಗೆಸಿದ ಕೂಲಿಯೆಂದು. ಜಮೆಯ ಕಡೆಗೆ ಆ ಹೊಂಡವು ನೂರು ವರುಷಗಳಲ್ಲಿ ಒಂದು ಕಾಸನ್ನೂ ತಂದಂತೆ ಕಾಣುವದಿಲ್ಲ.

ಬರೆದ ಕಾರಭಾರಿಗಳದು ತಪ್ಪೆಂದು ನಾನು ಹೇಳುತ್ತಿಲ್ಲ. ಕೈಗೆ ಬಂದ ಹಣವನ್ನು ಬರೆಯುವದೇ ವಹಿಯ ಧರ್ಮವು. ಆದರೆ ಬೇಸಿಗೆಯ ಜಾತ್ರೆಯಲ್ಲಿ ಸಾವಿರಾರು ಜನರು ಆ ತೋಪಿನ ನೆರಳಿನಲ್ಲಿಯೇ ಪಂಕ್ತಿಯಾಗಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. ಆ ನೆರಳಿಗೆ ಬದಲಾಗಿ ಚಪ್ಪರ ಹಾಕಿಸಿದ್ದರೆ ಎಷ್ಟು ಖರ್ಚು ಬೀಳುತ್ತಿತ್ತು? ಬೀಳದೆ ಉಳಿದ ಆ ಖರ್ಚನ್ನು ಯಾವ ಅಂಕಣದಲ್ಲಿ ಬರೆಯಬೇಕು? ಈ ಪ್ರಶ್ನೆಯು ನನ್ನನ್ನು ಬಿಡಲಿಲ್ಲವಾದುದರಿಂದ, ಸಿದ್ಧಾಂತವನ್ನು ಬಲ್ಲವರಿಗೆ ಬಿಟ್ಟುಕೊಟ್ಟು ಇದನ್ನೇ ಇಂದಿನ ವಿಷಯವನ್ನಾಗಿ ಮಾಡಿಕೊಂಡಿದ್ದೇನೆ.

ಇದೇ ಖಾಲಿ ಅಂಕಣವನ್ನು ಕುರಿತು ಲೋಕದ ಪಂಡಿತರೂ ಬಹುಕಾಲದಿಂದ ವಿಚಾರ ಮಾಡುತ್ತ ಬಂದಿರುವರು. ಕಾಡು, ಕೆರೆ, ಹುಲ್ಲುಗಾವಲು, ನದಿ, ಸಮುದ್ರ ಇವು ತಮ್ಮ ಪಾಡಿಗೆ ತಾವಿದ್ದು ಮನುಷ್ಯರಿಗೆ ಮಾಡುವ ಉಪಕಾರಗಳಿಗೆ ಅವರು ಪರಿಸರವ್ಯವಸ್ಥೆಯ ಸೇವೆಗಳೆಂದು ಹೆಸರಿಟ್ಟಿದ್ದಾರೆ. ೧೯೯೭ರಲ್ಲಿ ರಾಬರ್ಟ್ ಕೊಸ್ಟಾಂಜಾ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಇಂಥ ಹದಿನೇಳು ಬಗೆಯ ಸೇವೆಗಳಿಗೆ ಬೆಲೆ ಕಟ್ಟಿ ನೋಡಿದರು. ಇಡೀ ಭೂಮಂಡಲಕ್ಕೆ ಸೇರಿ ವರುಷಕ್ಕೆ ಸರಾಸರಿ ೩೩ ಲಕ್ಷ ಕೋಟಿ ಡಾಲರೆಂದು ಅವರ ಲೆಕ್ಕವು ಬಂದಿತು. ಆಗ ಜಗತ್ತಿನ ಎಲ್ಲ ದೇಶಗಳ ಉತ್ಪನ್ನವನ್ನು ಕೂಡಿಸಿದರೂ ಅದು ೧೮ ಲಕ್ಷ ಕೋಟಿಯಷ್ಟೇ ಇತ್ತು. ಆ ಲೆಕ್ಕವನ್ನು ಅನೇಕರು ಆಕ್ಷೇಪಿಸಿದರು, ಮತ್ತು ಆಕ್ಷೇಪಣೆಯಲ್ಲಿ ಹುರುಳಿದೆ. ಭೂಮಿಯೇ ಇಲ್ಲದಿದ್ದರೆ ಕೊಂಡುಕೊಳ್ಳುವವನು ನಿಲ್ಲುವದೆಲ್ಲಿ? ಆದರೂ ವಹಿಯಲ್ಲಿ ಸೊನ್ನೆಯಿದ್ದಲ್ಲಿ ಸೊನ್ನೆಯಲ್ಲವೆಂಬ ಮಾತು ಅಂದಿನಿಂದ ರಾಜ್ಯಾಡಳಿತಗಾರರ ಕಿವಿಗೆ ಬಿತ್ತು. ಅನಂತರ ೨೦೦೫ರಲ್ಲಿ, ಸಾವಿರದ ಮುನ್ನೂರಕ್ಕೂ ಮಿಕ್ಕಿದ ತಜ್ಞರು ವಿಶ್ವಸಂಸ್ಥೆಯ ಆಶ್ರಯದಲ್ಲಿ ಸಿದ್ಧಪಡಿಸಿದ ಸಹಸ್ರಮಾನದ ಪರಿಸರ ಸಮೀಕ್ಷೆಯು ಹೊರಬಂದಿತು. ಅವರು ಪರೀಕ್ಷಿಸಿದ ೨೪ ಸೇವೆಗಳಲ್ಲಿ ೧೫ ಕ್ಷೀಣಿಸುತ್ತಿರುವವೆಂದು ಅದರಲ್ಲಿ ತೀರ್ಮಾನಿಸಲಾಗಿದೆ.

ಆ ಸಮೀಕ್ಷೆಯಲ್ಲಿ ಸೇವೆಗಳನ್ನು ನಾಲ್ಕು ವರ್ಗಗಳಾಗಿ ಮಾಡಿದ್ದಾರೆ. ಅವನ್ನು ದೂರ ಹೋಗಿ ನೋಡಬೇಕಾಗಿಲ್ಲ, ನಮ್ಮ ತೋಪಿನಲ್ಲಿಯೇ ನೋಡಬಹುದು. ಹಣ್ಣು, ಕಟ್ಟಿಗೆ, ಆಡುಗಳಿಗೆ ಸೊಪ್ಪು ಇವು ಕೊಡುವ ಸೇವೆಗಳು. ವಹಿಗೆ ಬಂದವು ಇವೇ, ಅದರಲ್ಲಿಯೂ ಎರಡೇ. ನೆರಳು, ತಂಪು, ಮಳೆನೀರನ್ನು ನೆಲಕ್ಕೆ ಇಂಗಿಸುವದು, ತೋಪಿನ ಹೆಜ್ಜೇನು ಸುತ್ತಣ ಸೂರ್ಯಕಾಂತಿಯ ಹೊಲಗಳಿಗೆ ಹೋಗಿ ಪರಾಗ ಮುಟ್ಟಿಸುವದು, ಪೊಟರೆಯ ಗೂಗೆಯು ಕಣದ ಇಲಿಗಳನ್ನು ಹಿಡಿಯುವದು, ಇವು ಹದದಲ್ಲಿಡುವ ಸೇವೆಗಳು. ಜೇನು ಮುಟ್ಟದಿದ್ದರೆ ಸೂರ್ಯಕಾಂತಿಯ ಕಾಳು ಜೊಳ್ಳಾಗುವದೆಂಬುದನ್ನು ಇಲ್ಲಿ ಕುಳಿತಿರುವ ಒಕ್ಕಲಿಗ ಬಂಧುಗಳು ನನಗಿಂತ ಚೆನ್ನಾಗಿ ಬಲ್ಲರು. ಉದುರಿದ ಎಲೆ ಕೊಳೆತು ಮಣ್ಣಾಗುವದು ಆಧಾರಸೇವೆ. ಇನ್ನು ಪಾಠಶಾಲೆಯ ವಟುಗಳು ನಸುಕಿನಲ್ಲಿ ತೋಪಿಗೆ ಹೋಗಿ ಕಂಠಪಾಠ ಮಾಡುವದೂ, ಮಕ್ಕಳು ಕಾಯಿ ಬಡಿಯುವದೂ, ವೃದ್ಧರು ಹರಟುವದೂ ಮನಸ್ಸಿನ ಸೇವೆ. ನಾನು ಶಬ್ದಮಣಿದರ್ಪಣದ ಸೂತ್ರಗಳನ್ನು ಕಲಿತದ್ದು ಆ ಮರಗಳ ಬುಡದಲ್ಲಿ. ಇಂದಿಗೂ ಕೆಲವು ಸೂತ್ರಗಳು ನೆನಪಾಗುವಾಗ ಹುಣಸೆಯ ಹೂವಿನ ವಾಸನೆಯೊಡನೆಯೇ ನೆನಪಾಗುತ್ತವೆ.

ಜೀವವೈವಿಧ್ಯವೆಂಬ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎಷ್ಟು ಬಗೆಯ ಜೀವಿಗಳುಂಟೆಂಬ ಎಣಿಕೆ ಮಾತ್ರವಲ್ಲ ಅದು. ಒಂದರ ಕೆಲಸದ ಮೇಲೆ ಇನ್ನೊಂದರ ಬಾಳು ನಿಂತಿರುವ ಹೆಣಿಗೆಯು. ಈ ಹೆಣಿಗೆಯಲ್ಲಿ ಒಂದು ಎಳೆಯು ಕಡಿದರೆ ಏನಾಗುವದೆಂಬುದಕ್ಕೆ ನನ್ನ ಕಣ್ಣಿನಿಂದಲೇ ನೋಡಿದ ಒಂದು ದೃಷ್ಟಾಂತವುಂಟು.

ನಾನು ಪಾಠಶಾಲೆಗೆ ಸೇರಿದ ಕಾಲಕ್ಕೆ, ಅಂದರೆ ೧೯೮೦ರ ಸುಮಾರಿಗೆ, ಊರ ಹೊರಗಿನ ಹಳ್ಳದ ದಂಡೆಯಲ್ಲಿ ಸತ್ತ ದನಗಳನ್ನು ಒಗೆಯುತ್ತಿದ್ದರು. ಒಗೆದ ಅರೆತಾಸಿನೊಳಗೆ ಆಕಾಶದಲ್ಲಿ ಚುಕ್ಕೆಗಳಂತೆ ರಣಹದ್ದುಗಳು ಕಾಣಿಸಿಕೊಂಡು ಸುತ್ತುತ್ತ ಇಳಿಯುತ್ತಿದ್ದವು. ಸಂಜೆಗೆ ಎಲುಬುಗಳಷ್ಟೇ ಉಳಿಯುತ್ತಿದ್ದವು. ಹುಡುಗರಾದ ನಾವು ಆ ಹಕ್ಕಿಯನ್ನು ಅಪಶಕುನವೆಂದು ಹೆದರಿ ಕಲ್ಲು ಬೀರುತ್ತಿದ್ದೆವು. ಅದು ಊರಿಗೆ ಮಾಡುತ್ತಿದ್ದ ಚಾಕರಿ ಯಾರ ಬುದ್ಧಿಗೂ ಹೊಳೆದಿರಲಿಲ್ಲ. ೧೯೯೦ರ ದಶಕದಲ್ಲಿ ಆ ಹಕ್ಕಿಗಳು ಕಡಿಮೆಯಾಗುತ್ತ ನಡೆದವು. ಕೆಲವೇ ವರುಷಗಳಲ್ಲಿ ಹಳ್ಳದ ದಂಡೆಗೆ ಒಂದೂ ಬಾರದಾಯಿತು. ಇದು ನಮ್ಮೂರೊಂದರ ಸಂಗತಿಯಾಗಿರಲಿಲ್ಲ. ಬಿಳಿಬೆನ್ನಿನ ರಣಹದ್ದುಗಳು ೧೯೯೨ರಿಂದ ೨೦೦೭ರೊಳಗಾಗಿ ಭರತಖಂಡದಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚಾಗಿ ಅಳಿದುಹೋದವೆಂದು ಎಣಿಕೆ ಮಾಡಿದವರು ಬರೆದಿದ್ದಾರೆ.

ಕಾರಣವು ೨೦೦೪ರಲ್ಲಿ ಸಿಕ್ಕಿತು. ದನಗಳ ನೋವು ಬಾವುಗಳಿಗೆ ಡೈಕ್ಲೊಫಿನ್ಯಾಕ್ ಎಂಬ ಅಗ್ಗದ ಔಷಧವು ಬಳಕೆಗೆ ಬಂದಿತ್ತು. ಅದನ್ನು ತೆಗೆದುಕೊಂಡ ದನವು ಬೇಗನೆ ಸತ್ತರೆ ಅದರ ಮಾಂಸದಲ್ಲಿ ಔಷಧವು ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಟ್ಟು ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ೨೦೦೬ರಲ್ಲಿ ಸರಕಾರವು ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ನಿಷೇಧಿಸಿತು. ೨೦೧೨ರಲ್ಲಿ ನಮ್ಮ ರಾಮನಗರದ ರಾಮದೇವರ ಬೆಟ್ಟವು ರಣಹದ್ದುಗಳಿಗಾಗಿಯೇ ಮೀಸಲಾದ ಧಾಮವಾಯಿತು. ಆದರೆ ಅಷ್ಟರೊಳಗೆ ಹಳ್ಳದ ದಂಡೆಯ ಹೆಣಗಳು ಬೀದಿನಾಯಿಗಳ ಪಾಲಾಗಿದ್ದವು. ನಾಯಿಗಳು ಹೆಚ್ಚಿದವು, ನೀರು ಕೆಟ್ಟಿತು, ಹುಚ್ಚುನಾಯಿಯ ಕಡಿತದ ಭಯವು ಹೆಚ್ಚಿತು. ೨೦೨೪ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು, ರಣಹದ್ದುಗಳು ಇದ್ದ ಜಿಲ್ಲೆಗಳನ್ನೂ ಮೊದಲಿನಿಂದಲೂ ಇಲ್ಲದ ಜಿಲ್ಲೆಗಳನ್ನೂ ಹೋಲಿಸಿ, ೨೦೦೦ದಿಂದ ೨೦೦೫ರವರೆಗಿನ ಅವಧಿಯಲ್ಲಿ ಈ ಹಕ್ಕಿಯ ಅಳಿವಿನಿಂದಾಗಿ ಸುಮಾರು ಐದು ಲಕ್ಷ ಜನರು ಹೆಚ್ಚಾಗಿ ಸತ್ತರೆಂದು ಲೆಕ್ಕ ತೆಗೆದು ಪ್ರಕಟಿಸಿದರು. ಐದು ಲಕ್ಷ ಜನ, ಶರಣರೇ! ನಾವು ಕಲ್ಲು ಬೀರುತ್ತಿದ್ದ ಹಕ್ಕಿಯ ಜಮೆಯು ಅಷ್ಟಿತ್ತು. ಅದು ಬದುಕಿರುವವರೆಗೆ ಯಾರೂ ಅದನ್ನು ಬರೆದುಕೊಳ್ಳಲಿಲ್ಲ.

ಕಳೆದುಕೊಂಡ ಮೇಲೆಯೇ ಬೆಲೆ ತಿಳಿಯಬೇಕೇ, ಇರುವಾಗಲೇ ತಿಳಿದು ಕಾಪಾಡಿಕೊಂಡವರು ಯಾರೂ ಇಲ್ಲವೇ ಎಂದು ತಾವು ಕೇಳಬಹುದು. ಇದ್ದಾರೆ. ಅಮೇರಿಕೆಯ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರಿನ ಬಹುಭಾಗವು ದೂರದ ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಡೆಯಿಂದ ಬರುತ್ತದೆ. ಆ ನೀರನ್ನು ಸೋಸುವ ಯಂತ್ರಾಗಾರವನ್ನು ಕಟ್ಟಬೇಕೆಂಬ ಪ್ರಸಂಗವು ೧೯೯೦ರ ದಶಕದಲ್ಲಿ ಒದಗಿತು. ಅದಕ್ಕೆ ಆರು ನೂರು ಕೋಟಿ ಡಾಲರಿಗೂ ಹೆಚ್ಚು ಬೀಳುವದೆಂದು ಅಂದಾಜಾಯಿತು. ನಗರದವರು ಯೋಚಿಸಿ, ಬೆಟ್ಟದ ಮೇಲಿನ ಒಕ್ಕಲಿಗರೊಡನೆಯೂ ಊರವರೊಡನೆಯೂ ೧೯೯೭ರಲ್ಲಿ ಒಡಂಬಡಿಕೆ ಮಾಡಿಕೊಂಡರು. ಕಾಡು ಉಳಿಸುವದಕ್ಕೂ, ದನದ ಕೊಟ್ಟಿಗೆಗಳ ಹೊಲಸು ಹೊಳೆಗೆ ಸೇರದಂತೆ ನೋಡಿಕೊಳ್ಳುವದಕ್ಕೂ ನಗರವು ಹಣ ಕೊಡತೊಡಗಿತು. ಯಂತ್ರಾಗಾರದ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಕೆಲಸವಾಯಿತು. ಇಲ್ಲಿ ನನಗೆ ಹಿಡಿಸಿದ್ದು ಹಣದ ಉಳಿತಾಯಕ್ಕಿಂತಲೂ ಇನ್ನೊಂದು ಸಂಗತಿ. ಕೆಳಗಿನ ಊರಿನವರು ಮೇಲಿನ ಬೆಟ್ಟದವರಿಗೆ ತಾವು ಋಣಿಗಳೆಂದು ಕಾಗದದ ಮೇಲೆ ಒಪ್ಪಿಕೊಂಡರು.

ಈಗ ನಮ್ಮ ಬೆಟ್ಟಕ್ಕೆ ಬರುತ್ತೇನೆ. ಶ್ರೀಮಠದ ಮಾಳಿಗೆಯ ಮೇಲೆ ನಿಂತರೆ ಮಳೆಗಾಲದ ಮರುದಿನ ದಿಗಂತದಲ್ಲಿ ನೀಲಿಯ ಗೆರೆಯಾಗಿ ಕಾಣುವ ಕಪ್ಪತಗುಡ್ಡವನ್ನು ತಾವೆಲ್ಲ ಬಲ್ಲಿರಿ. ಗದಗ ಜಿಲ್ಲೆಯಲ್ಲಿ ವರುಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು ಮಾತ್ರ. ಸುತ್ತಲೂ ಎರೆಯ ಬಯಲು, ನಡುವೆ ಈ ಗುಡ್ಡದ ಸಾಲು. ಅದು ಮಲೆನಾಡಿನ ಕಾಡಲ್ಲ. ದಿಂಡಲ, ಮಶಿವಾಳ, ತುಗ್ಗಲಿ, ಕಾರೆ ಮೊದಲಾದ ಗಿಡಮರಗಳ ಕುರುಚಲು, ನಡುನಡುವೆ ಹುಲ್ಲು. ನನ್ನ ಬಾಲ್ಯದಲ್ಲಿ ಪಾಠಶಾಲೆಯಲ್ಲಿದ್ದ ವೈದ್ಯ ಗುರುಗಳು ವರುಷಕ್ಕೊಮ್ಮೆ ನಮ್ಮನ್ನು ಅಲ್ಲಿಗೆ ಕರೆದೊಯ್ದು ಅಮೃತಬಳ್ಳಿ, ಶತಾವರಿ, ಮಧುನಾಶಿನಿಗಳನ್ನು ಗುರುತು ಹಿಡಿಸುತ್ತಿದ್ದರು. ಬೇರನ್ನು ಪೂರ್ತಿಯಾಗಿ ಕೀಳಬಾರದೆಂದು ಕಟ್ಟಪ್ಪಣೆಯಿತ್ತು. ಕಿತ್ತವನಿಗೆ ಅಂದು ಊಟದಲ್ಲಿ ಮಜ್ಜಿಗೆಯಿಲ್ಲ. ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿಗಳೂ ಅಲ್ಲಿವೆ.

ಆ ಗುಡ್ಡದ ಒಡಲಲ್ಲಿ ಕಬ್ಬಿಣವೂ ಚಿನ್ನವೂ ಇರುವದೇ ಅದಕ್ಕೆ ಕಂಟಕವಾಯಿತು. ಬ್ರಿಟಿಷರ ಕಾಲದಲ್ಲಿಯೇ ಅಲ್ಲಿ ಚಿನ್ನಕ್ಕಾಗಿ ಅಗೆದಿದ್ದರು. ಈ ಶತಮಾನದಲ್ಲಿ ಗಣಿಯ ಆಸೆಯು ಮತ್ತೆ ಚಿಗುರಿತು. ೨೦೧೧ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಹತ್ತಿರ ದೊಡ್ಡ ಉಕ್ಕಿನ ಕಾರಖಾನೆಗಾಗಿ ರೈತರ ಭೂಮಿಯನ್ನು ತೆಗೆದುಕೊಳ್ಳುವ ಏರ್ಪಾಡಾದಾಗ, ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಮಹಾಸ್ವಾಮಿಗಳವರು ರೈತರ ಮುಂದಾಳಾಗಿ ನಿಂತರು, ಭೂಸ್ವಾಧೀನವು ನಿಂತಿತು. ಮುಂದೆ ೨೦೧೫ರಲ್ಲಿ ಸರಕಾರವು ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. ೧೯೭೨ರ ವನ್ಯಜೀವಿ ಸಂರಕ್ಷಣ ಕಾಯದೆಗೆ ೨೦೦೨ರಲ್ಲಾದ ತಿದ್ದುಪಡಿಯಲ್ಲಿ ಹುಟ್ಟಿದ ವರ್ಗವಿದು. ಒಂದೇ ವರುಷದಲ್ಲಿ, ಅಂದರೆ ೨೦೧೬ರಲ್ಲಿ, ಆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಗದಗಿನಲ್ಲಿ ಜನರು ಧರಣಿ ಕುಳಿತರು. ಮಹಾಸ್ವಾಮಿಗಳವರು ಅವರ ನಡುವೆ ಇದ್ದರು, ಗುಡ್ಡದ ಮಗ್ಗುಲಿನ ನಂದಿವೇರಿ ಮಠದ ಸ್ವಾಮಿಗಳವರೂ ದುಡಿದರು. ೨೦೧೭ರಲ್ಲಿ ಆಜ್ಞೆಯು ಮರಳಿ ಬಂದಿತು. ೨೦೧೯ರ ಮೇ ತಿಂಗಳಲ್ಲಿ ಸುಮಾರು ೨೪೪ ಚದರ ಕಿಲೋಮೀಟರಿನಷ್ಟು ಪ್ರದೇಶವು ವನ್ಯಜೀವಿಧಾಮವೆಂಬ ಹೆಚ್ಚಿನ ರಕ್ಷಣೆಗೆ ಒಳಪಟ್ಟಿತು. ಸಿದ್ಧಲಿಂಗ ಮಹಾಸ್ವಾಮಿಗಳವರು ೨೦೧೮ರ ಅಕ್ಟೋಬರದಲ್ಲಿಯೇ ಲಿಂಗೈಕ್ಯರಾಗಿದ್ದರು. ಏಳು ತಿಂಗಳ ಅಂತರದಿಂದ ಆ ದಿನವನ್ನು ಅವರು ಕಾಣಲಿಲ್ಲ.

ಒಂದೇ ಗುಡ್ಡವು ನಾಲ್ಕು ವರುಷಗಳಲ್ಲಿ ಸಂರಕ್ಷಿತವೂ, ಅಸಂರಕ್ಷಿತವೂ, ಮತ್ತೆ ಸಂರಕ್ಷಿತವೂ, ಕೊನೆಗೆ ಧಾಮವೂ ಆಯಿತು. ಅಷ್ಟರಲ್ಲಿ ಗುಡ್ಡದಲ್ಲಿ ಏನು ಬದಲಾಗಿತ್ತು? ಅದೇ ಹುಲ್ಲು, ಅದೇ ಕತ್ತೆಕಿರುಬ. ಬದಲಾದದ್ದು ಕಚೇರಿಯ ಕಾಗದವು. ಹೀಗೇಕಾಗುತ್ತದೆಂದು ನಾನು ಯೋಚಿಸಿದೆನು. ಒಂದು ಕಡೆ ಅದಿರಿನ ಬೆಲೆಯು ಇಷ್ಟು ಕೋಟಿಯೆಂದು ಬರೆದಿರುತ್ತದೆ. ಇನ್ನೊಂದು ಕಡೆ ನಮ್ಮ ಮಠದ ವಹಿಯಂತೆಯೇ ಅಂಕಣವು ಖಾಲಿಯಾಗಿರುತ್ತದೆ. ಖಾಲಿ ತಟ್ಟೆಯ ತಕ್ಕಡಿ ಎಂದಾದರೂ ಸಮನಾಗಿ ನಿಂತೀತೇ?

ಆದುದರಿಂದಲೇ ಕಾಡಿಗೂ ಬೆಲೆ ಕಟ್ಟುವ ಪದ್ಧತಿಯು ಬಂದಿತು. ಗೋದಾವರ್ಮನ್ ಮೊಕದ್ದಮೆಯೆಂದು ಪ್ರಸಿದ್ಧವಾದ ವ್ಯಾಜ್ಯದಲ್ಲಿ ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾಡನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳುವವರು ಮರದ ಬೆಲೆಯನ್ನಷ್ಟೇ ಅಲ್ಲ, ಆ ಕಾಡು ಮುಂದಿನ ಕಾಲದಲ್ಲಿ ಕೊಡಬಹುದಾಗಿದ್ದ ಉಪಕಾರಗಳ ಇಂದಿನ ಬೆಲೆಯನ್ನೂ ಕಟ್ಟಿಕೊಡಬೇಕೆಂದು ಅಪ್ಪಣೆ ಮಾಡಿತು. ೨೦೦೮ರಲ್ಲಿ ಗೊತ್ತುಮಾಡಿದ ಪ್ರಮಾಣವು ಹೆಕ್ಟೇರಿಗೆ ೪.೩೮ ಲಕ್ಷದಿಂದ ೧೦.೪೩ ಲಕ್ಷ ರೂಪಾಯಿಗಳವರೆಗೆ ಇತ್ತು; ೨೦೨೨ರಲ್ಲಿ ಅದನ್ನು ಹೆಚ್ಚಿಸಲಾಯಿತು. ಖಾಲಿ ಅಂಕಣದಲ್ಲಿ ಒಂದು ಅಂಕಿಯಾದರೂ ಬಂದಿತಲ್ಲ, ಇದನ್ನು ನಾನು ಮೆಚ್ಚುತ್ತೇನೆ. ಆದರೆ ಇದರಲ್ಲಿ ಎರಡು ಸಂಗತಿಗಳು ನನ್ನ ಮನಸ್ಸಿಗೆ ಒಪ್ಪಿಗೆಯಾಗುವದಿಲ್ಲ.

ಕಾಡು ದಟ್ಟವಾದಷ್ಟೂ ಬೆಲೆ ಹೆಚ್ಚು, ವಿರಳವಾದಷ್ಟೂ ಕಡಿಮೆ ಎಂಬುದು ಆ ಪದ್ಧತಿಯ ನಿಯಮವು. ಮಲೆನಾಡಿಗೆ ಅದು ಸರಿಯಿರಬಹುದು. ಮಳೆ ಕಡಿಮೆಯಿರುವ ನಾಡಿನಲ್ಲಿ ಕಾಡು ವಿರಳವಾಗಿರುವದೇ ಸ್ವಭಾವವು. ಮತ್ತು ಬೀಳುವ ಸ್ವಲ್ಪ ನೀರನ್ನು ತಡೆದು ಇಂಗಿಸುವ ಕೆಲಸವು ಅಲ್ಲಿಯೇ ಹೆಚ್ಚು ಬೇಕಾದದ್ದು. ಮನೆಯಲ್ಲಿ ಒಂದೇ ಹಸುವಿದ್ದವನ ಹಸುವಿಗೆ ಕಡಿಮೆ ಬೆಲೆ ಕಟ್ಟಿದಂತೆ ಇದಾಗುತ್ತದೆ. ಎರಡನೆಯದು ಇನ್ನೂ ಕಷ್ಟದ ಮಾತು. ಬೆಲೆಯೆಂದು ಗೊತ್ತಾದ ಕೂಡಲೆ, ಬೆಲೆ ಕೊಟ್ಟವನಿಗೆ ಅಧಿಕಾರವುಂಟೆಂಬ ಭಾವನೆಯು ಹುಟ್ಟುತ್ತದೆ. ಇಲ್ಲಿ ಕಡಿದು ಅಲ್ಲಿ ನೆಟ್ಟರಾಯಿತೆನ್ನುತ್ತಾರೆ. ಅಲ್ಲಿ ನೆಡುವದು ಬಹಳ ಮಟ್ಟಿಗೆ ಒಂದೇ ಜಾತಿಯ ಸಾಲುಮರಗಳನ್ನು. ಇಲ್ಲಿಯ ಬಾವಿಗೆ ಇಂಗುತ್ತಿದ್ದ ನೀರು ಅಲ್ಲಿಗೆ ಹೋಗಿ ಇಂಗಿದರೆ ಇಲ್ಲಿಯವರು ಕುಡಿಯುವದೇನನ್ನು? ಹಣ ಪಡೆದವರು ಯಾರು, ನೀರು ಕಳೆದುಕೊಂಡವರು ಯಾರು? ಆದುದರಿಂದ ಬೆಲೆಯನ್ನು ನಾನು ಕಾವಲಿನ ಬೇಲಿಯೆಂದು ಒಪ್ಪುತ್ತೇನೆ, ಬಾಗಿಲಿನ ಕೀಲಿಕೈಯೆಂದು ಒಪ್ಪಲಾರೆ. ಪಂಡಿತರು ಇದಕ್ಕಿಂತ ಚೆನ್ನಾಗಿ ಹೇಳಬಲ್ಲರು. ನನ್ನ ಪಾಠಶಾಲೆಯ ವಿದ್ಯೆಗೆ ತೋರಿದ್ದಿಷ್ಟು.

ಇಷ್ಟು ಹೊತ್ತು ಸರಕಾರದ ವಹಿಯನ್ನು ಕುರಿತು ಆಡಿದೆನು. ಅನ್ಯರ ವಹಿಯಲ್ಲಿ ತಪ್ಪು ಹುಡುಕುವದು ಸುಲಭವು. ಇನ್ನು ನಮ್ಮ ವಹಿಯನ್ನು ಬಿಚ್ಚುತ್ತೇನೆ, ಮತ್ತು ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ.

ಇಪ್ಪತ್ತು ವರುಷಗಳ ಹಿಂದೆ ಶ್ರೀಮಠದ ಹೊಂಡವನ್ನು ಜೀರ್ಣೋದ್ಧಾರ ಮಾಡಿದಾಗ ಅದರ ತಳಕ್ಕೂ ಬದಿಗಳಿಗೂ ಕಾಂಕ್ರೀಟು ಹಾಕಿಸಿದೆವು. ಕೆಸರು ಆಗುವದಿಲ್ಲ, ನೀರು ತಿಳಿಯಾಗಿ ನಿಲ್ಲುತ್ತದೆ, ನೋಡುವದಕ್ಕೆ ಅಂದವಾಗಿರುತ್ತದೆ ಎಂದು ಎಲ್ಲರೂ ಅಂದರು. ಭಕ್ತರಿಗೆ ಕಳುಹಿಸಿದ ವಿನಂತಿಪತ್ರವನ್ನು ಬರೆದವನು ನಾನೇ. ಅದರ ಭಾಷೆಯನ್ನು ಅನೇಕರು ಹೊಗಳಿದರೆಂದು ನಾನು ಹಿಗ್ಗಿದ್ದೂ ಉಂಟು. ಎರಡು ಬೇಸಿಗೆ ಕಳೆಯುವದರೊಳಗಾಗಿ, ಪಾಠಶಾಲೆಯ ಹಿಂದೆ ಎಂದೂ ಬತ್ತದಿದ್ದ ಬಾವಿಯಲ್ಲಿ ಕೊಡ ಮುಳುಗದಾಯಿತು. ಮೂರನೆಯ ವರುಷ ತಳ ಕಾಣಿಸಿತು. ಮಳೆ ಕಡಿಮೆಯಾದದ್ದರಿಂದ ಹೀಗಾಯಿತೆಂದು ನಾವು ಸಮಾಧಾನ ಮಾಡಿಕೊಂಡೆವು. ಆಗ ತೋಪಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು, “ಶಾಸ್ತ್ರಿಗಳ, ಹೊಂಡದ ನೀರು ಬಾವಿಗೆ ಹೋಗೂ ದಾರೀನ ನೀವು ಮುಚ್ಚೀರಿ” ಎಂದರು. ಅಕ್ಷರ ಬಾರದ ಆ ಹಿರಿಯರಿಗೆ ತಿಳಿದದ್ದು ಐದು ಶಾಸ್ತ್ರ ಓದಿದ ನನಗೆ ತಿಳಿದಿರಲಿಲ್ಲ. ಈಗ ಕೊಳವೆಬಾವಿಯಿಂದಲೂ ಟ್ಯಾಂಕರಿನಿಂದಲೂ ನೀರು ತರಿಸುತ್ತೇವೆ. ಹೊಸ ವಹಿಗಳಲ್ಲಿ ಟ್ಯಾಂಕರಿನ ಬಾಡಿಗೆಯು ತಿಂಗಳು ತಿಂಗಳೂ ಖರ್ಚು ಬಿದ್ದಿದೆ. ಹಳೆಯ ವಹಿಗಳಲ್ಲಿ ಹೊಂಡದ ಹೆಸರಿಗೆ ಜಮೆಯಾಗದೆ ಉಳಿದ ಮೊತ್ತವು ಎಷ್ಟೆಂಬುದನ್ನು ನಾನು ಈ ಖರ್ಚಿನಿಂದಲೇ ಓದಿಕೊಂಡೆನು.

ಈಗ ತೋಪಿನ ಮಾತು. ಶತಮಾನೋತ್ಸವದ ನೆನಪಿಗಾಗಿ ದೊಡ್ಡದೊಂದು ಸಭಾಭವನವನ್ನೂ ಅದರ ಮುಂದೆ ವಾಹನಗಳು ನಿಲ್ಲುವ ಅಂಗಳವನ್ನೂ ಕಟ್ಟಿಸಬೇಕೆಂದು ಸಮಿತಿಯ ಸಂಕಲ್ಪವಿದೆ. ಜಾಗವು ತೋಪಿನದೆಂದೂ, ಅರ್ಧದಷ್ಟು ಮರಗಳನ್ನು ತೆಗೆಯಬೇಕಾಗುವದೆಂದೂ ನಕ್ಷೆಯಲ್ಲಿ ತೋರಿಸಿದ್ದಾರೆ. ಹಣ ಕೊಡಲು ಮುಂದೆ ಬಂದಿರುವ ಭಕ್ತರ ಔದಾರ್ಯವು ದೊಡ್ಡದು. ಮಳೆಯಲ್ಲಿ ಬಂದ ಮುದುಕರಿಗೂ ಬಾಣಂತಿಯರಿಗೂ ತಲೆ ಮರೆಸಲು ನೆಲೆಯಿಲ್ಲವೆಂಬ ಅವರ ಮಾತೂ ನಿಜವು. ನಾನು ಭವನವು ಬೇಡವೆನ್ನುವವನಲ್ಲ. ಪೂರ್ವದಿಕ್ಕಿಗೆ ಹಳೆಯ ಕಣಜವೂ ಅದರ ಸುತ್ತಣ ಹಾಳುಗೋಡೆಗಳೂ ಇರುವ ಜಾಗವುಂಟು. ಅಲ್ಲಿ ಕಟ್ಟಿದರೆ ಭವನವು ಸ್ವಲ್ಪ ಚಿಕ್ಕದಾಗುವದು, ಹಳೆಯ ಗೋಡೆಗಳನ್ನು ಕೆಡಹುವ ಖರ್ಚು ಬೀಳುವದು, ವಾಹನಗಳನ್ನು ಜಾತ್ರೆಯ ಬಯಲಿನಲ್ಲಿ ನಿಲ್ಲಿಸಿ ಜನರು ನಡೆದು ಬರಬೇಕಾಗುವದು. ಈ ಮೂರೂ ಅನಾನುಕೂಲಗಳನ್ನು ನಾನು ಮುಚ್ಚಿಡುವದಿಲ್ಲ.

ತೆಗೆದ ಮರಗಳಿಗೆ ಬದಲಾಗಿ ಸಾವಿರ ಸಸಿ ನೆಡುತ್ತೇವೆಂದು ಸಮಿತಿಯ ಮಿತ್ರರು ಹೇಳಿದ್ದಾರೆ. ನೆಡಲಿ, ನಾನೂ ನೀರು ಹೊರುತ್ತೇನೆ. ಆದರೆ ಹುಣಸೆಯ ಮರವು ನೆರಳು ಕೊಡುವಷ್ಟು ಬೆಳೆಯಲು ಎಷ್ಟು ಕಾಲ ಬೇಕೆಂಬುದನ್ನು ತಾವೇ ಬಲ್ಲಿರಿ. ಅಜ್ಜ ನೆಟ್ಟದ್ದನ್ನು ಮೊಮ್ಮಗನು ತಿನ್ನಬೇಕಾದ ಮರವದು. ಅಷ್ಟರವರೆಗೆ ಜಾತ್ರೆಯ ಪಂಕ್ತಿಯು ಎಲ್ಲಿ ಕುಳಿತುಕೊಳ್ಳಬೇಕು, ಹೆಜ್ಜೇನು ಎಲ್ಲಿ ಕಟ್ಟಬೇಕು, ತೊಗಲಬಾವಲಿಗಳು ಎಲ್ಲಿ ಜೋತುಬೀಳಬೇಕು? ಬಾವಲಿಯ ಹೆಸರು ಕೇಳಿ ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವಿರಿ. ರಣಹದ್ದಿಗೆ ಕಲ್ಲು ಬೀರುವಾಗ ನಾವೂ ಹೀಗೆಯೇ ನಗುತ್ತಿದ್ದೆವು.

ಹುಣಸೆಯ ತೋಪಿಗೆ ಇಷ್ಟು ಗೌರವವೇಕೆಂದು ಕೇಳುವವರಿಗೆ ಒಂದು ಸಂಗತಿಯನ್ನು ತಿಳಿಸುತ್ತೇನೆ. ೨೦೦೨ರ ಜೀವವೈವಿಧ್ಯ ಕಾಯದೆಯ ಮೇರೆಗೆ, ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಇಡೀ ಭಾರತದಲ್ಲಿ ಮೊಟ್ಟಮೊದಲು ಸಾರಲಾದ ಸ್ಥಳವು ಹಿಮಾಲಯದ ಕಣಿವೆಯಲ್ಲ, ಸಹ್ಯಾದ್ರಿಯ ಘಟ್ಟವೂ ಅಲ್ಲ. ದೇವನಹಳ್ಳಿಯ ಹತ್ತಿರದ ನಲ್ಲೂರಿನಲ್ಲಿ ಸುಮಾರು ೫೩ ಎಕರೆಯಲ್ಲಿರುವ ಹಳೆಯ ಹುಣಸೆಯ ತೋಪು ಅದು, ಸಾರಿದ್ದು ೨೦೦೭ರಲ್ಲಿ. ಮರದಿಂದ ಮರಕ್ಕೆ ಅಲ್ಲಿಯ ಹಣ್ಣಿನ ರುಚಿಯೂ ಆಕಾರವೂ ಬೇರೆಬೇರೆಯಾಗಿವೆಯೆಂದು ಬಲ್ಲವರು ಹೇಳುತ್ತಾರೆ. ನಮ್ಮ ತೋಪಿನಲ್ಲಿಯೂ ಸಿಹಿಹುಣಸೆಯ ಒಂದು ಮರವಿತ್ತೆಂದು ಹಳೆಯ ವಹಿಯೊಂದರ ಅಂಚಿನಲ್ಲಿ ಬರೆದಿದೆ. ಅದು ಯಾವುದೆಂದು ಈಗ ಯಾರಿಗೂ ಗೊತ್ತಿಲ್ಲ. ನಮ್ಮ ತೋಪು ನಲ್ಲೂರಿಗೆ ಸರಿಸಾಟಿಯೆಂದು ನಾನು ಹೇಳುತ್ತಿಲ್ಲ. ಅದೇ ಕಾಯದೆಯಲ್ಲಿ ಊರೂರಿನ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕೆಂದೂ, ಊರಿನ ಗಿಡಮರ ಪ್ರಾಣಿಪಕ್ಷಿಗಳನ್ನೂ ಅವುಗಳ ಬಗೆಗಿನ ಹಿರಿಯರ ತಿಳಿವಳಿಕೆಯನ್ನೂ ಒಂದು ದಾಖಲೆಯಾಗಿ ಬರೆದಿಡಬೇಕೆಂದೂ ಏರ್ಪಾಡಿದೆ. ಅನೇಕ ಕಡೆಗಳಲ್ಲಿ ಈ ದಾಖಲೆಯನ್ನು ಕಚೇರಿಯಲ್ಲಿ ಕುಳಿತು ತುಂಬಿಸಿ ಕಪಾಟಿಗೆ ಹಾಕುತ್ತಾರೆಂಬುದು ಬೇರೆ ಮಾತು. ನಮ್ಮಲ್ಲಿ ಬರೆಯಲು ಬಲ್ಲ ವಟುಗಳಿದ್ದಾರೆ, ಹೇಳಲು ಬಲ್ಲ ಹಿರಿಯರೂ ಇನ್ನೂ ಕೆಲವರು ಇದ್ದಾರೆ. ತೋಪನ್ನೂ ಹೊಂಡವನ್ನೂ ಆ ದಾಖಲೆಯಲ್ಲಿ ಸೇರಿಸಬೇಕೆಂದು ಪಂಚಾಯತಿಗೆ ಬರೆದುಕೊಡುವ ಅರ್ಜಿಯನ್ನು ನಾನು ಸಿದ್ಧಪಡಿಸಿದ್ದೇನೆ. ಶ್ರೀಗಳವರ ಅಪ್ಪಣೆಯಾದರೆ ಸಲ್ಲಿಸುತ್ತೇನೆ.

ಹೊಂಡದ ತಳದ ಕಾಂಕ್ರೀಟನ್ನು ಒಡೆಯಿಸುವ ವಿಚಾರವನ್ನೂ ಅದೇ ಕಾಲಕ್ಕೆ ಪರಿಶೀಲಿಸಬೇಕೆಂದು ಬೇಡುತ್ತೇನೆ. ಹಾಕಿಸುವದಕ್ಕೆ ವಿನಂತಿಪತ್ರ ಬರೆದವನು ನಾನೇ ಆದುದರಿಂದ, ಒಡೆಯಿಸುವದಕ್ಕೂ ನಾನೇ ಬರೆಯುವದು ನ್ಯಾಯವಾಗಿದೆ.

ಕಟ್ಟಡದ ಸಮಿತಿಯ ಸಭೆಯು ಬರುವ ಸೋಮವಾರ ಸಂಜೆ ಸೇರುವದು. ಅಂದು ಮೂರು ಹಳೆಯ ವಹಿಗಳನ್ನೂ ಒಂದು ಹೊಸ ವಹಿಯನ್ನೂ ತರುತ್ತೇನೆ. ಹೊಸ ವಹಿಯಲ್ಲಿ ಪಾಠಶಾಲೆಯ ವಟುಗಳು ಈ ಶ್ರಾವಣಮಾಸವಿಡೀ ತೋಪಿನಲ್ಲಿ ಕುಳಿತು ಬರೆದ ಲೆಕ್ಕವಿದೆ: ದಿನಕ್ಕೆ ಎಷ್ಟು ಜನರು ನೆರಳಿಗೆ ಬಂದರು, ಯಾವ ಯಾವ ಹಕ್ಕಿಗಳು ಕಂಡವು, ಯಾವ ಮರದಲ್ಲಿ ಎಷ್ಟು ಜೇನುಹುಟ್ಟುಗಳಿವೆ, ಮಳೆ ಬಂದ ದಿನ ನೀರು ಎಲ್ಲಿ ನಿಂತು ಎಲ್ಲಿ ಇಂಗಿತು. ಬಾಲಕರ ಬರೆಹವಾದುದರಿಂದ ಅಕ್ಷರಗಳು ಅಲ್ಲಲ್ಲಿ ಸೊಟ್ಟಗಿವೆ, ಕೆಲವು ಹಕ್ಕಿಗಳ ಹೆಸರು ತಪ್ಪಿರಲೂಬಹುದು. ಸಭೆಗೆ ಬರುವವರು ಒಂದು ತಾಸು ಮುಂಚಿತವಾಗಿ ಬಂದರೆ ಬಿಸಿಲಿರುವಾಗಲೇ ತೋಪಿನೊಳಗೆ ಹೋಗಿ, ನಕ್ಷೆಯಲ್ಲಿ ಗೆರೆ ಎಳೆದಿರುವಲ್ಲಿ ಯಾವ ಮರಗಳಿವೆಯೆಂಬುದನ್ನು ಒಟ್ಟಿಗೆ ನೋಡಬಹುದು. ವಟುಗಳು ಅವುಗಳಿಗೆ ಸುಣ್ಣದ ಗುರುತು ಹಾಕಿಟ್ಟಿದ್ದಾರೆ.